ಮಾಸ್ತಿಕಲ್ಲಿನ ಬಳೆ

ಮದುವೆಯಾಗಿ ಗಂಡನ ಮನೆಗೆ ಬಂದ ದಿನ, ಹೊಸ್ತಿಲು ದಾಟಿಸುವ ಮೊದಲೇ ನನ್ನನ್ನು ಒಂದು ಕಲ್ಲಿಗೆ ಅಡ್ಡಬೀಳಿಸಿದರು. ಗುತ್ತಿಗಾರಿನಿಂದ ಸುಳ್ಯದ ಕಡೆಗೆ ಹೋಗುವ ಗಾಡಿದಾರಿಯ ಬದಿಯಲ್ಲಿ, ನಮ್ಮ ಅಂಗಳದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅದು ನಿಂತಿತ್ತು. ಕಲ್ಲಿನ ಮೇಲ್ಭಾಗದಲ್ಲಿ ಒಂದು ತೋಳು ಮಾತ್ರ. ಮೊಣಕೈಯಿಂದ ಮೇಲಕ್ಕೆತ್ತಿದ್ದು, ಮಣಿಕಟ್ಟಿನ ತುಂಬ ಬಳೆ, ಬೆರಳುಗಳ ನಡುವೆ ಒಂದು ನಿಂಬೆಹಣ್ಣು. ಇಕ್ಕೇರಿಯವರ ಕಾಲದಲ್ಲಿ ಆ ಮನೆಯ ಹಿರಿಯರೊಬ್ಬರು ಯಾವುದೋ ಕಾಳಗದಲ್ಲಿ ಸತ್ತರಂತೆ. ಅವರ ಹೆಂಡತಿ ಚಿತೆ ಏರಿದಳಂತೆ. ಅವಳಿಗಾಗಿ ನಿಲ್ಲಿಸಿದ ಮಾಸ್ತಿಕಲ್ಲು ಅದು.

"ನಿನ್ನ ಹಾಗೆಯೇ ನನ್ನನ್ನೂ ಮಾಡಮ್ಮ ಅಂತ ಬೇಡಿಕೊ" ಎಂದು ಗಂಡನ ಸೋದರತ್ತೆ ನನ್ನ ಕಿವಿಯಲ್ಲಿ ಹೇಳಿದರು. ಇವಳ ಹಾಗೆ ಆಗಬೇಕಾದರೆ ಪಕ್ಕದಲ್ಲಿ ನಿಂತ ಈ ಮನುಷ್ಯ ಮೊದಲು ಸಾಯಬೇಕಲ್ಲ ಎಂದು ನನಗೆ ಹೊಳೆಯಿತು. ನನ್ನ ಬಾಯಿ ಯಾವತ್ತು ಸುಮ್ಮನಿದ್ದದ್ದುಂಟು? ಅದನ್ನು ಆ ಮನುಷ್ಯನಿಗೇ ಪಿಸುಗುಟ್ಟಿದೆ. ಅವರು ನಗು ತಡೆಯಲಾಗದೆ ಜೋರಾಗಿ ಕೆಮ್ಮಿದರು. ನಮ್ಮ ಸಂಸಾರ ಶುರುವಾದದ್ದು ಹಾಗೆ.

ಪ್ರತಿ ವರ್ಷ ನಮ್ಮ ಕಡೆಯ ಸೌರ ಯುಗಾದಿ, ಬಿಸು ಹಬ್ಬದಂದು ಮನೆಯ ಮುತ್ತೈದೆಯರು ಆ ಕಲ್ಲಿನ ಬುಡದಲ್ಲಿ ಹಸಿರು ಗಾಜಿನ ಬಳೆ ಇಡಬೇಕಿತ್ತು. ಕಲ್ಲಿಗೆ ತಾನೆ ಎಂದು, ಅಂಗಡಿಯಲ್ಲಿ ಮಾರಿಹೋಗದೆ ಉಳಿದ ಸಣ್ಣ ಅಳತೆಯದನ್ನೇ ಮಾವ ತರಿಸುತ್ತಿದ್ದರು. ನನ್ನ ನಾದಿನಿ ಮಾತ್ರ ಆ ಹೊತ್ತಿಗೆ ಅಲ್ಲಿರುವಂತಿಲ್ಲ. ಅವಳು ನನ್ನದೇ ಪ್ರಾಯದವಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ತಲೆ ಬೋಳಿಸಿರಲಿಲ್ಲ, ಅದೇ ದೊಡ್ಡ ಉಪಕಾರ ಎಂಬಂತೆ ಎಲ್ಲರೂ ಮಾತಾಡುತ್ತಿದ್ದರು. ಬಿಸುವಿನ ಬೆಳಿಗ್ಗೆ ಬೇಗ ಹೋಗಿ ಕಲ್ಲಿನ ಸುತ್ತ ಗುಡಿಸಿ, ನಾವು ಬರುವ ಮೊದಲು ಅವಳು ಹಿಂದಿರುಗಬೇಕಿತ್ತು. ಗುಡಿಸುವುದಕ್ಕೆ ಅವಳಾಗಬಹುದು, ನಿಲ್ಲುವುದಕ್ಕೆ ಆಗದು. ಇದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿದ ಮೇಲಿನ ಮಾತು. ಪುತ್ತೂರಿನಲ್ಲಿ ಶಾಲೆಯ ಮಾಸ್ಟ್ರೊಬ್ಬರು ನನ್ನ ಅಣ್ಣನ ಸ್ನೇಹಿತರು. ಹೆಂಡತಿಯನ್ನು ಕಳೆದುಕೊಂಡವರು. ನಮ್ಮ ಮನೆಗೆ ಬಂದಾಗ ನಾದಿನಿಯನ್ನು ನೋಡಿದ್ದರು. ಅವಳನ್ನು ಮದುವೆಯಾಗುತ್ತೇನೆ ಎಂದು ಅಣ್ಣನ ಬಾಯಲ್ಲಿ ಹೇಳಿಸಿದರು. ನಾನು ನಾದಿನಿಯನ್ನು ಕೇಳಿದೆ. ಅವಳು ರುಬ್ಬುವ ಕಲ್ಲಿನಿಂದ ಕೈ ತೆಗೆಯದೆ, "ನನಗೆ ಬದುಕಬೇಕು ಅತ್ತಿಗೆ" ಎಂದಳು. ಅಷ್ಟು ಸಾಕಿತ್ತು ನನಗೆ.

ನನ್ನವರು ಮಾವನಲ್ಲಿ ವಿಷಯ ಎತ್ತಿದರು. ಮಾವ ಕೂಗಾಡಲಿಲ್ಲ. ಅವರು ಸಿಟ್ಟು ಬಂದಾಗ ದನಿ ತಗ್ಗಿಸುವ ಜನ.

"ಇದು ಮಾಸ್ತಿಯ ಮನೆ. ಆ ಕಲ್ಲು ಅಲ್ಲಿ ಇರುವಷ್ಟು ದಿನ ಈ ಮನೆಯ ಹೆಣ್ಣಿಗೆ ಎರಡನೇ ಮದುವೆ ಇಲ್ಲ."

ಅದಾದ ಕೆಲವೇ ವಾರಗಳಲ್ಲಿ ರಸ್ತೆ ಕೆಲಸದ ಓವರ್ಸಿಯರ್ ಬಂದ. ಬಸ್ಸು ಬರಲಿಕ್ಕೆ ಗಾಡಿದಾರಿಯನ್ನು ಅಗಲ ಮಾಡುತ್ತಿದ್ದರು. ಕಲ್ಲು ನಿಂತದ್ದು ಸರಿಯಾಗಿ ರಸ್ತೆಯ ಅಂಚಿನಲ್ಲಿ. "ಇದನ್ನು ತೆಗಿಬೇಕಾಗ್ತದೆ. ಇಲ್ಲದಿದ್ರೆ ರಸ್ತೆಯನ್ನು ಆಚೆ ತಿರುಗಿಸಿ ನಿಮ್ಮ ಗದ್ದೆಯ ಮೂಲೆ ತಕ್ಕೊಳ್ಬೇಕಾಗ್ತದೆ. ಎಂತ ಮಾಡುದು, ನೀವೇ ಹೇಳಿ" ಎಂದ. ನಾನು ಒಳಗೆ ನಿಂತು ಕೇಳಿಸಿಕೊಂಡೆ. ಕಲ್ಲು ಇರುವಷ್ಟು ದಿನ ಎಂದವರು ಮಾವನೇ. ಕಲ್ಲೇ ಹೋದರೆ? ದೇವರೇ ಓವರ್ಸಿಯರನ ವೇಷದಲ್ಲಿ ಬಂದ ಎಂದು ನನಗೂ ನನ್ನವರಿಗೂ ಅನಿಸಿತು. ಮಾವನಿಗೂ ಅಷ್ಟೇ ಬೇಗ ಅರ್ಥವಾಗಿರಬೇಕು. ಜೋಯಿಸರಿಗೆ ಹೇಳಿಕಳಿಸಿ, ಪ್ರಶ್ನೆ ಇಡಿಸಿ, ಮಾಸ್ತಿಯ ಮನಸ್ಸು ಏನೆಂದು ಕವಡೆಯಲ್ಲಿ ಕೇಳುವುದೆಂದು ತೀರ್ಮಾನಿಸಿದರು.

ಅಲ್ಲಿಂದ ಮನೆಯೊಳಗೆ ಅಪ್ಪ ಮಗ ಮುಖ ಕೊಟ್ಟು ಮಾತಾಡಲಿಲ್ಲ. ಊಟಕ್ಕೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಕೂತರು. ಬಡಿಸುವವಳು ನಾನು, ಎರಡೆರಡು ಸಲ ಎಲೆ ಹಾಕುತ್ತಿದ್ದೆ. ಊರಿನ ಕೆಲವು ಹುಡುಗರು ನನ್ನವರ ಕಡೆ, ಅಂಥ ಕಲ್ಲು ಊರಿಗೇ ನಾಚಿಕೆ ಎಂದು ಹೇಳಿ ತಿರುಗಿದರು. ಹಿರಿಯರು ಮಾವನ ಕಡೆ. ನಾದಿನಿಯ ಮದುವೆಯ ಸುದ್ದಿಯೂ ಹೇಗೋ ಹೊರಗೆ ಹೋಗಿತ್ತು. ಅವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಪ್ರಶ್ನೆಯ ದಿನ ಚಾವಡಿ ತುಂಬ ಜನ. ಜೋಯಿಸರು ಹಲಗೆಯ ಮೇಲೆ ಕವಡೆ ಹರಡಿ, ಎಣಿಸಿ, ಕಣ್ಣುಮುಚ್ಚಿ ಲೆಕ್ಕ ಹಾಕಿದರು. "ಮಾಸ್ತಿಯಮ್ಮನಿಗೆ ಜಾಗ ಬಿಡುವ ಮನಸ್ಸಿಲ್ಲ. ಅಲುಗಿಸಿದರೆ ಮನೆಗೆ ಒಳ್ಳೆಯದಲ್ಲ ಅಂತ ಕಾಣ್ತದೆ" ಎಂದರು. ಮಾವ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು.

ನನ್ನವರು ಎದ್ದು ನಿಂತರು. "ಒಂದು ಹೆಣ್ಣನ್ನು ಸುಟ್ಟದ್ದಕ್ಕೆ ಕಲ್ಲು, ಅದಕ್ಕೆ ಪೂಜೆ. ಸರಕಾರವೇ ಅಪರಾಧ ಅಂತ ಹೇಳಿದ್ದಕ್ಕೆ ನಾವು ಬಳೆ ಇಡುದಾ? ರಸ್ತೆ ಕೆಲಸದವರು ಹೊರಗೇ ಇದ್ದಾರೆ. ನಾನು ಈಗಲೇ ಹಾರೆ ಹಾಕಿಸ್ತೇನೆ."

"ಹಾಕಿಸು" ಎಂದರು ಮಾವ, ಆ ತಗ್ಗಿದ ದನಿಯಲ್ಲಿ. "ಮೊದಲು ನಾನು ಹೋಗಿ ಅದರ ಬುಡದಲ್ಲಿ ಮಲಗ್ತೇನೆ. ಆಮೇಲೆ ಹಾಕಿಸು."

ನನ್ನವರ ಕುತ್ತಿಗೆಯ ನರ ಉಬ್ಬಿದ್ದು ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಇವತ್ತು ಈ ಮನೆ ಎರಡಾಗುತ್ತದೆ ಎಂದು ನನಗೆ ನಿಜವಾಗಿ ಭಯವಾಯಿತು. ಜೋಯಿಸರು ಗಡಿಬಿಡಿಯಲ್ಲಿ ಕವಡೆ ಒಟ್ಟುಮಾಡುತ್ತ, ಪ್ರಶ್ನೆ ಮುಗಿಸುವಾಗ ಯಾವಾಗಲೂ ಕೇಳುವಂತೆ, "ಮನೆಯವರದ್ದು ಬೇರೆ ಎಂತಾದರೂ ಕೇಳಲಿಕ್ಕೆ ಉಂಟಾ?" ಎಂದರು.

"ಉಂಟು" ಎಂದಳು ನಾದಿನಿ.

ನನ್ನ ಪಕ್ಕದಲ್ಲೇ ಇದ್ದವಳು ಯಾವಾಗ ಬಾಗಿಲು ದಾಟಿದಳೋ ನನಗೆ ತಿಳಿಯಲಿಲ್ಲ. ಗಂಡಸರ ನಡುವೆ, ಬೆಳಕಿನಲ್ಲಿ, ಜೋಯಿಸರ ಹಲಗೆಯ ಎದುರು ನಿಂತಿದ್ದಳು.

"ನನ್ನ ಬಳೆ ಒಡೆಯುವಾಗ ನನ್ನ ಕೈಯನ್ನು ಗಟ್ಟಿ ಹಿಡಿದುಕೊಂಡಿದ್ದರು. ನಾನು ಎಳೆದುಕೊಳ್ತಾ ಇದ್ದೆ. ಆ ಕಲ್ಲಿನವಳನ್ನು ಚಿತೆಗೆ ಹತ್ತಿಸುವಾಗ ಯಾರು ಹಿಡಿದದ್ದು? ಅದನ್ನು ಕವಡೆಯಲ್ಲಿ ನೋಡಿ ಹೇಳಿ ಜೋಯಿಸರೇ."

ಜೋಯಿಸರ ಕೈ ಕವಡೆಯ ಮೇಲೆಯೇ ನಿಂತಿತು. ಅವರು ಮಾವನ ಮುಖ ನೋಡಿದರು, ಮಾವ ನೆಲ ನೋಡಿದರು. "ಅದು ಕವಡೆಗೆ ಬರುವ ಪ್ರಶ್ನೆ ಅಲ್ಲ ಮಗಳೇ" ಎಂದರು ಕೊನೆಗೆ.

"ಹಾಗಾದರೆ ಕಲ್ಲು ಅಲ್ಲೇ ಇರಲಿ" ಎಂದಳು. ನನ್ನವರು "ನಿನಗೆ ತಲೆ ಸರಿ ಉಂಟಾ?" ಎಂದು ಕೂಗಿದರು. ನನಗೂ ಅವಳ ಕೆನ್ನೆಗೆ ಬಿಡಬೇಕೆನಿಸಿತು. ಇವಳಿಗೋಸ್ಕರ ನಾವು ಇಷ್ಟೆಲ್ಲ ಎದುರು ಹಾಕಿಕೊಂಡರೆ ತನ್ನ ಬಾಗಿಲನ್ನು ತಾನೇ ಮುಚ್ಚುತ್ತಾಳಲ್ಲ! ಅವಳು ತನ್ನ ಅಣ್ಣನ ಕಡೆ ತಿರುಗಿದಳು. "ಕಿತ್ತು ಹೊಳೆಗೆ ಹಾಕಿದರೆ ನಿಮಗೆಲ್ಲ ಸುಖ ಅಣ್ಣ. ನಮ್ಮ ಮನೆಯಲ್ಲಿ ಇಂಥದ್ದು ಆಗಲೇ ಇಲ್ಲ ಅಂತ ಹೇಳಬಹುದು. ಅವಳು ಇದ್ದಳು ಅಂತ ಹೇಳಲಿಕ್ಕೆ ಇರುದು ಆ ಕೈ ಒಂದೇ."

ಹೇಳಿ ಅಂಗಳಕ್ಕಿಳಿದು ನಡೆದಳು. ನಾನು ಹಿಂದೆ ಓಡಿದೆ, ನನ್ನ ಹಿಂದೆ ಚಾವಡಿಯೇ ಎದ್ದು ಬಂತು. ರಸ್ತೆಯ ಕೆಲಸದವರು ಹಾರೆ ಹಿಡಿದು ದೂರ ಸರಿದರು. ಆ ವರ್ಷದ ಬಿಸು ಆಗಿ ಹೆಚ್ಚು ದಿನ ಆಗಿರಲಿಲ್ಲ. ನಾನೇ ಇಟ್ಟ ಬಳೆ ದಾರದಲ್ಲಿ ಕಟ್ಟಿದಂತೆಯೇ ಕಲ್ಲಿನ ಬುಡದಲ್ಲಿತ್ತು. ಅವಳು ಕೂತು ದಾರ ಬಿಚ್ಚಿ ಒಂದು ಬಳೆಯನ್ನು ಕೈಗೆ ತುರುಕತೊಡಗಿದಳು. ಸಣ್ಣ ಅಳತೆ. ಗೆಣ್ಣಿನ ಹತ್ತಿರ ಸಿಕ್ಕಿಕೊಂಡು ಫಟ್ಟೆಂದು ಒಡೆಯಿತು. ರಕ್ತ ಬಂತು. "ಅಪಶಕುನ" ಎಂದು ಯಾರೋ ಅಂದರು.

"ಅತ್ತಿಗೆ, ಕೈ ಹಿಡಿ" ಎಂದಳು.

ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಅವಳೆದುರು ಕೂತು, ಬಳೆಗಾರರು ಮಾಡುವಂತೆ ಅವಳ ಹೆಬ್ಬೆರಳಿನ ಬುಡವನ್ನು ಹಿಚುಕಿ, ನೀರು ಕೇಳಿ ಒದ್ದೆ ಮಾಡಿ, ಒಂದೊಂದಾಗಿ ಏರಿಸಿದೆ. ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಎಳೆದುಕೊಳ್ಳಲಿಲ್ಲ. ನಾನು ಅಳುತ್ತಿದ್ದೆ. ಎಳೆದು ಬಿಡಿಸಲು ಯಾರಾದರೂ ಬಂದರೆ ಕಚ್ಚಿಬಿಡುತ್ತಿದ್ದೆ, ಸುಳ್ಳಲ್ಲ. ಯಾರೂ ಬರಲಿಲ್ಲ.

ಅವಳು ಎದ್ದು ಮಾವನ ಎದುರು ನಿಂತಳು. "ಕಲ್ಲು ಅಲ್ಲೇ ಉಂಟು ಅಪ್ಪ. ಹೋಗುದು ನಾನು."

ಮಾವ ಮನೆಯ ಕಡೆ ನಡೆದರು. ಪುತ್ತೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿ ಮಾಸ್ಟ್ರ ಜೊತೆ ಅವಳ ಮದುವೆಯಾಯಿತು. ನಾವಿಬ್ಬರೂ ಹೋದೆವು, ಮಾವ ಬರಲಿಲ್ಲ. ರಸ್ತೆ ನಮ್ಮ ಗದ್ದೆಯ ಮೂಲೆ ನುಂಗಿ ಕಲ್ಲನ್ನು ಬಳಸಿಕೊಂಡು ಹೋಯಿತು. ಈಗಲೂ ಬಸ್ಸು ಅಲ್ಲಿ ನಿಧಾನವಾಗುತ್ತದೆ. ಕಿಟಕಿಯಿಂದ ನೋಡಿದ ಮಕ್ಕಳು ಅದೆಂತ ಕೈ ಎಂದು ಕೇಳಿದರೆ, ತಾಯಂದಿರು ಏನಾದರೂ ಉತ್ತರ ಹೇಳಲೇಬೇಕಾಗುತ್ತದೆ. ತೆಗೆಯಬೇಕು ಎಂದು ಹಾರಾಡಿದವಳು ನಾನೂ ಹೌದು. ಉಳಿದದ್ದೇ ಒಳ್ಳೆಯದಾಯಿತು.

ಮಗಳ ಹೆಸರನ್ನು ಮಾವ ಮನೆಯಲ್ಲಿ ಎತ್ತಲಿಲ್ಲ, ನಾವು ಎತ್ತಿದರೆ ಎದ್ದು ಹೋಗುತ್ತಿದ್ದರು. ಮತ್ತೆ ಬಿಸು ಹತ್ತಿರ ಬಂತು. ಬಳೆ ಇಡುವುದನ್ನು ನಿಲ್ಲಿಸುತ್ತೇನೆಂದು ಹೇಳಲು ನಾನು ಧೈರ್ಯ ಒಟ್ಟುಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹಬ್ಬದ ಸಾಮಾನಿಗೆಂದು ಸುಳ್ಯಕ್ಕೆ ಹೊರಟಿದ್ದ ನನ್ನನ್ನು ಮಾವ ಅಂಗಳದಲ್ಲಿ ನಿಲ್ಲಿಸಿದರು. ನನ್ನ ಮುಖ ನೋಡದೆ, ಆ ಕಲ್ಲಿನ ಕಡೆಗೇ ನೋಡುತ್ತ ಹೇಳಿದರು:

"ಬಳೆ ಸ್ವಲ್ಪ ದೊಡ್ಡ ಅಳತೆಯದ್ದು ತಾ. ಹೋದ ಸಲದ್ದು ಅವಳ ಕೈಗೆ ಆಗಲಿಲ್ಲ."