ಮಾಯಕ್ಕೆ ಹೋಗಿ ಬಂದ ಜಲಜಾಕ್ಷಿ

ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಗಾಜಿನ ಕಟ್ಟಡಕ್ಕೆ ಇನ್ನೂ ಬೆಳಕು ಹರಿದಿಲ್ಲ. ನಾಲ್ಕನೇ ಮಹಡಿಯಲ್ಲಿ ಒಂದು ದೀಪ ಹೊತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಅದರ ಮುಂದಿನದು, ಆಮೇಲೆ ಅದರಾಚೆಯದು. ಯಾರಾದರೂ ಓಡಾಡಿದರೆ ತಾನಾಗಿ ಹೊತ್ತುವ ದೀಪಗಳಿವು. ಅವುಗಳ ಕೆಳಗೆ ನಡೆಯುತ್ತಿರುವವರು ಜಲಜಾಕ್ಷಿ. ಬೆನ್ನಿಗೆ ಸ್ಕೂಲ್ ಬ್ಯಾಗಿನ ಹಾಗೆ ಕಟ್ಟಿಕೊಂಡ ವ್ಯಾಕ್ಯೂಮ್ ಮೆಷಿನ್, ಕೈಯಲ್ಲಿ ಅದರ ಉದ್ದ ಕೊಳವೆ. ಅವರು ಹೋದ ಕಡೆಯೆಲ್ಲ ಕಾರ್ಪೆಟ್ ಮೇಲೆ ಉತ್ತ ಗದ್ದೆಯಂಥ ಗೆರೆ ಮೂಡುತ್ತದೆ. ಎಂಟು ಗಂಟೆಗೆ ಜನ ಬಂದು ತುಳಿದರೆ ಅಳಿಸಿಹೋಗುತ್ತದೆ.

"ಅದನ್ನು ಯಾರೂ ನೋಡುದಿಲ್ಲ. ನಾನು ನೋಡ್ತೇನಲ್ಲ, ಸಾಕು," ಎನ್ನುತ್ತಾರೆ.

ಪಕ್ಕದಲ್ಲಿ ಕಸದ ಬುಟ್ಟಿ ಖಾಲಿ ಮಾಡುತ್ತಿರುವ ಎವ್ಲಿನ್ ಕೂಡ ಮಂಗಳೂರಿನ ಕಡೆಯವರು, ಸುಮ್ಮನಿರುವ ಪೈಕಿ ಅಲ್ಲ. "ಇವಳತ್ರ ಜಾಸ್ತಿ ಮಾತಾಡ್ಬೇಡಿ ಆಯ್ತಾ? ಮಾಯಕ್ಕೆ ಹೋಗಿ ಬಂದವಳು. ಅರ್ಧ ಜೀವ ಇನ್ನೂ ಅಲ್ಲೇ ಉಂಟು."

"ನಿನ್ನ ಬುಟ್ಟಿ ನೋಡು ಮಾರಾಯ್ತಿ, ಕಾಫಿ ಚೆಲ್ತಾ ಉಂಟು."

ಜಲಜಾಕ್ಷಿಗೆ ಐವತ್ತೇಳು. ಊರು ಕಾಪು. ಗಂಡ ಕರುಣಾಕರ, ಮಗಳು ತೃಷಾ ಜೊತೆ ಸಿಡ್ನಿಗೆ ಬಂದ ವರ್ಷವೇ ಈ ಕೆಲಸಕ್ಕೆ ಸೇರಿದರು. ಕರುಣಾಕರ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ಮುಂಜಾನೆ ಅಲ್ಲೇ ಎದೆ ಹಿಡಿದುಕೊಂಡು ಕುಸಿದರು. ಜಲಜಾಕ್ಷಿ ಆಗ ಇದೇ ಮಹಡಿಯಲ್ಲಿದ್ದರು. "ಅವರ ಫೋನ್ ಬಂದದ್ದು ಗೊತ್ತಾಗ್ಲಿಲ್ಲ. ಬೆನ್ನಲ್ಲಿ ಮೆಷಿನ್ ಓಡ್ತಾ ಇತ್ತಲ್ಲ."

ಅದಾದ ಮೇಲೂ ಅದೇ ಮಹಡಿ, ಅದೇ ಮೆಷಿನ್. ಮದುವೆಯಾಗಿ ಮೆಲ್ಬರ್ನಿನ ಕ್ರೇಗಿಬರ್ನ್ ಸೇರಿದ ತೃಷಾ ಅಲ್ಲೇ ನರ್ಸ್. ದಿನಾ ಸಂಜೆ ಫೋನ್ ಮಾಡುತ್ತಾಳೆ. ಊಟ, ಬಿಪಿ ಮಾತ್ರೆ, ಚಳಿ, ಎಲ್ಲ ಮಾತಾಗುತ್ತದೆ. ಅಪ್ಪನ ಸುದ್ದಿ ಮಾತ್ರ ಇಬ್ಬರೂ ಎತ್ತುವುದಿಲ್ಲ.

ಒಂದು ಬೆಳಿಗ್ಗೆ ಮೇಜು ಒರೆಸುವಾಗ ಕೈ ತಾಗಿ ಕಂಪ್ಯೂಟರೊಂದು ಎಚ್ಚರವಾಯಿತು. ಪರದೆ ತುಂಬ ಕಾಡು, ಕಾಡಿನ ನೆತ್ತಿಯ ಮೇಲೆ ಕಲ್ಲಿನ ಗುಡಿಗಳ ತುದಿ, ಸುತ್ತ ಮಂಜು. ಅಷ್ಟರಲ್ಲಿ ಮೇಜಿನ ಒಡೆಯ, ಬೆಂಗಳೂರಿನ ಹುಡುಗ ಭುವನ್, ಬೇಗ ಬಂದುಬಿಟ್ಟ.

"ಇದು ಯಾವ ಊರು ಮಗಾ?"

"ಮಾಯಾ ರೂಯಿನ್ಸ್ ಆಂಟಿ. ಟಿಕಾಲ್ ಅಂತ, ಗ್ವಾಟೆಮಾಲಾದಲ್ಲಿದೆ."

ತುಳುವರ ಮನೆಗಳಲ್ಲಿ ದೈವಗಳು ಸಾಯುವುದಿಲ್ಲ, ಮಾಯ ಆಗುತ್ತವೆ. ಕಣ್ಣಿಗೆ ಕಾಣದ ಆ ಕಡೆಗೂ ಮಾಯ ಅಂತಲೇ ಹೆಸರು. ಗಂಡ ಸತ್ತರು ಅನ್ನಲು ಬಾಯಿ ಬಾರದ ಜಲಜಾಕ್ಷಿ, ಅವರು ಮಾಯ ಆದರು ಎಂದೇ ಹೇಳಿಕೊಂಡು ಬಂದವರು. ಅಂಥವರಿಗೆ ಆ ಮಾಯಕ್ಕೊಂದು ಫೋಟೋ ಇದೆ, ವಿಮಾನವೂ ಹೋಗುತ್ತದೆ ಎಂದರೆ ಹೇಗಾಗಬೇಡ? ಬಟ್ಟೆ ಕೈಯಲ್ಲೇ ಹಿಡಿದು ಕೇಳಿದರು, "ಅಲ್ಲಿಗೆ ಹೋದವ್ರು ಯಾರಾದ್ರೂ ವಾಪಸ್ ಬಂದದ್ದುಂಟಾ?"

"ಅಯ್ಯೋ, ನಮ್ ರೂಮ್‌ಮೇಟ್ ಹೋದ್ವಾರ ತಾನೇ ಬಂದ ಆಂಟಿ. ಹೊಟ್ಟೆ ಕೆಡಿಸ್ಕೊಂಡು."

ಎವ್ಲಿನ್ ಈಗಲೂ ಇದನ್ನು ನೆನೆಸಿಕೊಂಡು ನಗುತ್ತಾರೆ. ಜಲಜಾಕ್ಷಿಯೂ ನಗುತ್ತಾರೆ. "ಮಾಯಾ ಅಂದ್ರೆ ಅಲ್ಲಿಯ ಜನರ ಹೆಸ್ರು ಅಂತ ಆಮೇಲೆ ಗೊತ್ತಾಯ್ತು. ಗೊತ್ತಾಗಿ ಎಂತ ಮಾಡುದು? ಮನಸ್ಸು ಆಗ್ಲೇ ಹೊರಟಾಗಿತ್ತು."

ವರ್ಷಗಟ್ಟಲೆ ದುಡಿದವರಿಗೆ ಕೊಡುವ ಲಾಂಗ್ ಸರ್ವಿಸ್ ಲೀವ್ ಇತ್ತು, ಗ್ವಾಟೆಮಾಲಾಕ್ಕೆ ಟಿಕೆಟ್ ಮಾಡಿಸಿದರು. ತೃಷಾ ಕೇಳಿ ಹೌಹಾರಿದಳು.

"ಅಮ್ಮಾ, ಆರ್ ಯು ಸೀರಿಯಸ್? ಒಬ್ಳೇನಾ? ಬ್ಯಾಕ್‌ಪ್ಯಾಕ್ ಹಾಕ್ಕೊಂಡಾ? ನಿನ್ ಬೆನ್ನು ಏನಾಗ್ಬೇಕು?"

"ನನ್ನ ಬೆನ್ನು ಖಾಲಿ ಇದ್ದದ್ದು ಯಾವಾಗ ಹೇಳು?"

"ನಿಂಗೂ ಏನಾದ್ರೂ ಆದ್ರೆ? ಹೋಗು ಹಾಗಾದ್ರೆ. ನನ್ ಜೊತೆ ಮಾತಾಡ್ಬೇಡ."

ಆ "ನಿಂಗೂ" ಜಲಜಾಕ್ಷಿಯನ್ನು ಚುಚ್ಚಿತು. ಆದರೂ ಹೊರಟರು.

ಗ್ವಾಟೆಮಾಲಾದ ಫ್ಲೋರೆಸ್ ಪಟ್ಟಣದ ಹಾಸ್ಟೆಲಿನಲ್ಲಿ ಅವರಿಗೆ ಸಿಕ್ಕಿದ್ದು ಎರಡಂತಸ್ತಿನ ಮಂಚದ ಮೇಲಿನ ಬಂಕು. ಕೆಳಗೆಲ್ಲ ಮಗಳಿಗಿಂತ ಚಿಕ್ಕ ಹುಡುಗಿಯರು. ಅವರ ಸ್ಪ್ಯಾನಿಷ್ ಇವರಿಗೆ ಬಾರದು, ಇವರ ತುಳು ಅವರಿಗೆ ಬಾರದು. ಆದರೂ ಇವರು ಹುರಿದುಕೊಂಡು ಒಯ್ದಿದ್ದ ಅವಲಕ್ಕಿ ಎರಡೇ ದಿನಕ್ಕೆ ಮುಗಿಯಿತು. ದಿನಾ ಮಗಳಿಗೆ ಒಂದು ಮೆಸೇಜ್ ಹಾಕುತ್ತಿದ್ದರು. ಊಟ ಆಯ್ತು. ಬಿಪಿ ಮಾತ್ರೆ ತಗೊಂಡೆ. ತೃಷಾ ಓದುತ್ತಿದ್ದಳು, ಉತ್ತರ ಕೊಡುತ್ತಿರಲಿಲ್ಲ. ಹೀಗೆ ಹೋಗಿ ಗಂಡನ ಹಿಂದೆ ಮಗಳನ್ನೂ ಕಳೆದುಕೊಂಡೆನೇ ಎಂಬ ಭಯ ಊಟಕ್ಕೆ ಕೂತಾಗೆಲ್ಲ ಕಾಡುತ್ತಿತ್ತು.

ಟಿಕಾಲ್‌ನ ಎತ್ತರದ ಗುಡಿಗೆ ಮರದ ಮೆಟ್ಟಿಲಿದೆ. ಸೂರ್ಯೋದಯ ನೋಡಲು ಕತ್ತಲೆಯಲ್ಲೇ ಹತ್ತಬೇಕು. ಜಲಜಾಕ್ಷಿ ಗುಡಿ ಎಂದುಕೊಂಡು ಬುಡದಲ್ಲೇ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಹತ್ತಿದರು. ಮೇಲೆ ಎಲ್ಲರೂ ಕ್ಯಾಮೆರಾ ಹಿಡಿದು ಕೂತರು. ಸೂರ್ಯ ಬರಲಿಲ್ಲ, ಮಂಜು ಬಂತು. ಎದುರಿನ ಗುಡಿ ಇಲ್ಲ, ಕಾಡಿಲ್ಲ, ಪಕ್ಕದವರ ಮುಖವೂ ಇಲ್ಲ. ಆ ಬಿಳುಪಿನೊಳಗೆಲ್ಲೋ ಕೋತಿಗಳು ಹುಲಿಯ ಹಾಗೆ ಗರ್ಜಿಸುತ್ತಿದ್ದವು. ಜನ ಗೊಣಗುತ್ತ ಇಳಿದರು. ಜಲಜಾಕ್ಷಿ ಕೂತೇ ಇದ್ದರು.

"ತೃಷಾನ ಅಪ್ಪ ಬರ್ತಾರೆ ಅಂತ ನಾನು ಹೋದದ್ದಲ್ಲ. ಬರ್ಲೂ ಇಲ್ಲ. ಆದ್ರೆ ಕಾಣದ್ದು ಇಲ್ಲ ಅಂತ ಅಲ್ಲ ಅಲ್ವಾ? ಅಷ್ಟು ದೊಡ್ಡ ಗುಡಿ ಅಲ್ಲೇ ಎದುರಿಗೆ ಇತ್ತು. ನನಗೆ ಅಳು ಬಂತು. ಅವ್ರು ಹೋದ್ಮೇಲೆ ಅತ್ತದ್ದು ಅಲ್ಲೇ ಮೊದ್ಲು."

ಇಳಿದ ಮೇಲೆ, ಬೂಟು ಹಾಕಿಕೊಳ್ಳುವ ಮೊದಲೇ, ತೃಷಾಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಅಪ್ಪನ ಫೋನ್ ಕೇಳಿಸಲಿಲ್ಲ ಎಂಬುದನ್ನು ಮೊದಲ ಸಲ ಮಗಳಿಗೆ ಹೇಳಿದ್ದು ಅದರಲ್ಲೇ. ಮರುದಿನ ಒಂದೇ ಸಾಲು ಬಂತು: "ಅಮ್ಮಾ, ಡೈರೆಕ್ಟ್ ಮೆಲ್ಬರ್ನಿಗೆ ಬಾ."

ಕ್ರೇಗಿಬರ್ನ್‌ನ ಅಡುಗೆಮನೆಯಲ್ಲಿ ತೃಷಾ ಅಮ್ಮನ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಎಲ್ಲವೂ ಬಿಳಿ.

"ಇದ್ರಲ್ಲಿ ಏನೂ ಇಲ್ವಲ್ಲಮ್ಮಾ!"

"ಉಂಟು. ಸ್ವಲ್ಪ ಹೊತ್ತು ಕೂತ್ಕೊಳ್ಬೇಕು."

ತಾಯಿ ಮಗಳು ಅವತ್ತು ತುಂಬ ಹೊತ್ತು ಕೂತರು. ಏನು ಮಾತಾಡಿದಿರೆಂದು ಕೇಳಿದರೆ, ನಾಲ್ಕನೇ ಮಹಡಿಯಲ್ಲಿ ಜಲಜಾಕ್ಷಿ ವ್ಯಾಕ್ಯೂಮಿನ ಕೊಳವೆಯನ್ನು ಒಂದು ಕುರ್ಚಿಯ ಕೆಳಗೆ ತೂರಿಸುತ್ತಾರೆ. ಮುಂದಿನ ಸಲ ತಾನೂ ಬರುತ್ತೇನೆಂದು ತೃಷಾ ಹೇಳಿದ್ದಾಳಂತೆ. ಬೇರೇನು ಆಸೆ ಎಂದು ಕೇಳಿದರೆ, ಅದೇ, ಮಗಳ ಜೊತೆ ಇನ್ನೊಮ್ಮೆ ಹೋಗುವುದು ಎನ್ನುತ್ತಾರೆ.

"ಒಂದೇ ಪ್ರಾಬ್ಲಮ್. ಬೆಳಿಗ್ಗೆ ಏಳ್ಲಿಕ್ಕೆ ಅವಳಿಗೆ ಭಾರೀ ಉದಾಸೀನ. ಪರವಾಗಿಲ್ಲ, ನಾನು ಎಬ್ಬಿಸ್ತೇನೆ."