ಕೂರದ ಗಾಡಿ

ಎರಡು ಸಲ ಮಾಡುವ ಕೆಲಸವೆಂದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಅಂಗಡಿಗೆ ಹೋದರೆ ಚೀಟಿಯಲ್ಲಿರುವುದನ್ನೆಲ್ಲ ಒಂದೇ ಸಲಕ್ಕೆ ತರಬೇಕು, ಕೈಚೀಲ ಹರಿದರೂ ಸರಿಯೇ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಸ್ವಯಂನಿವೃತ್ತಿ ತೆಗೆದುಕೊಂಡು, ಗರುಡಾಚಾರ್‌ಪಾಳ್ಯದಲ್ಲಿ ಒಂದು ಶೆಡ್ಡು ಹಾಕಿ ಬಿಡಿಭಾಗ ಮಾಡಿಕೊಡಲು ಕೂತ ಮೇಲೂ ಈ ಚಾಳಿ ಹೋಗಲಿಲ್ಲ. ಮನೆಯವರು ಇದನ್ನು ಆತುರ ಎನ್ನುತ್ತಿದ್ದರು. ನಾನು ಚುರುಕುತನ ಎಂದುಕೊಂಡಿದ್ದೆ.

ನನ್ನ ಮಾಲು ಸಾಗಿಸುತ್ತಿದ್ದವನು ಒಬ್ಬನೇ. ಕೆ.ಆರ್. ಪುರದ ಕಡೆಯವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಸ್ವಂತ ಪಿಕಪ್ ಇಟ್ಟುಕೊಂಡಿದ್ದ. ನಾನು ಅವನನ್ನು ಗುರು ಎನ್ನುತ್ತಿದ್ದೆ, ಅವನು ನನ್ನನ್ನು ಸಾರ್ ಎನ್ನುತ್ತಿದ್ದ. ಎಂಟು ವರ್ಷದಲ್ಲಿ ಒಮ್ಮೆಯೂ ನನ್ನ ಮಾಲಿಗೆ ಗೀರು ಬೀಳಿಸಿದವನಲ್ಲ.

ನಮ್ಮ ಶೆಡ್ಡುಗಳ ಕಡೆ ಒಂದು ರೂಢಿಯಿದೆ. ಪಿಕಪ್ಪಿನ ಹಿಂದಿನ ಚಕ್ರಗಳ ಬಳಿ ಭಾರ ಹೊರುವ ಬಾಗಿದ ಕಬ್ಬಿಣದ ಪಟ್ಟಿಗಳಿರುತ್ತವಲ್ಲ, ಅವುಗಳ ಜೊತೆಗೆ ಇನ್ನೆರಡು ಪಟ್ಟಿ ಸೇರಿಸಿಬಿಡುವುದು. ಇದಕ್ಕೆ ಪ್ಲೇಟ್ ಹಾಕಿಸುವುದು ಎನ್ನುತ್ತಾರೆ. ಆಮೇಲೆ ಎಷ್ಟು ಹೇರಿದರೂ ಗಾಡಿಯ ಹಿಂಭಾಗ ಕೆಳಗಿಳಿಯುವುದಿಲ್ಲ; ನಮ್ಮ ಮಾತಿನಲ್ಲಿ, ಗಾಡಿ ಕೂರುವುದಿಲ್ಲ. ಬರಬರುತ್ತಾ ನಾವು ತೂಕ ಎಷ್ಟು ಎಂದು ಕೇಳುವುದನ್ನೇ ಬಿಟ್ಟು, ಗಾಡಿ ಕೂತಿದೆಯೋ ಇಲ್ಲವೋ ಎಂದಷ್ಟೇ ಬಗ್ಗಿ ನೋಡತೊಡಗಿದೆವು. ತೂಕ ಹಾಕಿಸುವ ವೇ ಬ್ರಿಡ್ಜ್ ಹತ್ತಿರವೇ ಇದ್ದರೂ ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅವನ ಗಾಡಿಗೆ ಪ್ಲೇಟ್ ಹಾಕಿಸು ಎಂದು ಗಂಟುಬಿದ್ದವನೂ ನಾನೇ.

ಹಲಸೂರಿನಲ್ಲಿ ಹಳೆಯ ವರ್ಕ್‌ಶಾಪೊಂದು ಮುಚ್ಚಿತು. ಅಲ್ಲಿನ ಕಬ್ಬಿಣ ಕಡೆಯುವ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್ ನನ್ನ ಪಾಲಿಗೆ ಬಂದವು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕ್ರೇನು ಲೇತನ್ನು ಎತ್ತಿ ಪಿಕಪ್ಪಿನೊಳಗೆ ಇಳಿಸಿತು. ಅದು ಡ್ರಿಲ್ಲಿಂಗ್ ಮೆಷಿನ್ ಕಡೆ ತಿರುಗಿದಾಗ ಅವನು ಅಡ್ಡ ಬಂದ.

"ಸಾರ್, ಇದು ಇನ್ನೊಂದ್ ಟ್ರಿಪ್ಪಿಗೆ ಇರ್ಲಿ. ಲೇತೇ ಜಾಸ್ತಿ ಆಯ್ತು. ಪ್ಲೇಟ್ ಏನೋ ಹೊತ್ಕೊಳುತ್ತೆ, ಬ್ರೇಕು ಅದೇ ಹಳೇದಲ್ವಾ?"

"ಗಾಡಿ ಒಂಚೂರಾದ್ರೂ ಕೂತಿದ್ಯಾ ನೋಡು ಗುರು. ಅದೇ ಗಟ್ಟಿಯಾಗಿ ನಿಂತಿದೆ, ನೀನ್ಯಾಕೆ ಕೂತ್ಕೋತೀಯ?"

ಕ್ರೇನಿನವನು ನಕ್ಕ. ನನಗೆ ಹುರುಪು ಏರಿತು. "ಭಯ ಆದ್ರೆ ಹೇಳ್ಬಿಡು, ಬೇರೆ ಗಾಡಿ ಕರೆಸ್ತೀನಿ" ಎಂದೆ. ಎಂಟು ವರ್ಷ ಜೊತೆಗಿದ್ದವನಿಗೆ, ನಾಲ್ಕು ಜನರ ಎದುರು. ಡ್ರಿಲ್ಲಿಂಗ್ ಮೆಷಿನ್ನೂ ಗಾಡಿಗೇರಿತು. ಅವನು ಹಗ್ಗ ಬಿಗಿಯತೊಡಗಿದ.

ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ಇಂದಿರಾನಗರ ದಾಟಿ ಹಳೆ ಮದ್ರಾಸ್ ರಸ್ತೆಯುದ್ದಕ್ಕೂ ನನ್ನ ಕಣ್ಣು ಗಾಡಿಯ ಹಿಂಭಾಗದ ಮೇಲೆಯೇ ಇತ್ತು. ಕೂತಿರಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಬರುವಾಗ, ನಾನು ಹೇಳಿದ ಹಾಗೇ ಆಯಿತಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ಕೆ.ಆರ್. ಪುರದ ತೂಗುಸೇತುವೆ ಹತ್ತಿ ಇಳಿಜಾರು ಶುರುವಾದಾಗ ಬ್ರೇಕಿನ ಕೆಂಪು ದೀಪ ಹತ್ತಿತು, ಆರಿತು, ಮತ್ತೆ ಮತ್ತೆ ಹತ್ತಿತು. ವೇಗ ಮಾತ್ರ ಇಳಿಯಲಿಲ್ಲ. ಮುಂದೆ ಬೈಕು, ಆಟೋ, ಜನ ತುಂಬಿದ ಒಂದು ಬಸ್ಸು ಸಾಲಾಗಿ ನಿಂತಿದ್ದವು. ಅವನು ಹಾರ್ನ್ ಒತ್ತಿ ಹಿಡಿದೇ ಗಾಡಿಯನ್ನು ಎಡಕ್ಕೆಳೆದು ತಡೆಗೋಡೆಗೆ ಗುದ್ದಿಸಿದ. ಗಾಡಿ ನಿಂತಿತು. ಲೇತ್ ನಿಲ್ಲಲಿಲ್ಲ. ಹಗ್ಗ ಕಿತ್ತುಕೊಂಡು ಜಾರಿ, ಕ್ಯಾಬಿನ್ನಿನ ಹಿಂಭಾಗವನ್ನು ಒಡೆದು, ಸೀಟಿನ ಸಮೇತ ಅವನನ್ನು ಮುಂದಕ್ಕೆ ಒತ್ತಿ ಹಿಡಿಯಿತು.

ರಸ್ತೆಯಲ್ಲಿದ್ದ ಬೇರೆ ಯಾರಿಗೂ ತರಚು ಗಾಯವೂ ಆಗಲಿಲ್ಲ. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಮೂರನೆಯ ದಿನ ಪೊಲೀಸಿನವರೊಬ್ಬರು ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಬಂದರು. ಮಂಚದ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅವನ ಹೆಂಡತಿ. ಅಷ್ಟು ಭಾರ ಹೇರಿಸಿದ್ದು ಯಾರು ಎಂದು ಅವರು ಕೇಳಿದರು. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಅಲ್ಲಿ ಏನು ಕಂಡಿತೋ.

"ನಾನೇ ಹಾಕ್ಕೊಂಡೆ ಸಾರ್. ಎರಡ್ ಟ್ರಿಪ್ ಮಾಡು ಅಂತ ಇವ್ರು ಬಡ್ಕೊಂಡ್ರು. ನಾನೇ ಕೇಳ್ಲಿಲ್ಲ."

"ಹೌದೇನ್ರೀ?" ಎಂದು ಪೊಲೀಸಿನವರು ನನ್ನತ್ತ ತಿರುಗಿದರು.

ಇಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಶೆಡ್ಡು, ಕೇಸು, ಕೋರ್ಟು ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂದವು. "ಹೌದು" ಎಂದೆ. ನಾಚಿಕೆಯಾಗಬೇಕಿತ್ತು. ಆ ಕ್ಷಣ ಆದದ್ದು ನಾಚಿಕೆಯಲ್ಲ, ಸಮಾಧಾನ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವನು ಹಾಗೇಕೆ ಹೇಳಿದ? ಕೆಲಸ ಕೊಡುತ್ತಿದ್ದವನೆಂಬ ದಾಕ್ಷಿಣ್ಯವೋ, ಇಬ್ಬರಲ್ಲಿ ಒಬ್ಬನಾದರೂ ಸಿಕ್ಕಿಹಾಕಿಕೊಳ್ಳದಿರಲಿ ಎಂದೋ. ಕೇಳುವ ಮುಖ ನನಗಿಲ್ಲ.

ಈಗ ಅವನು ಗಾಡಿ ಓಡಿಸುವುದಿಲ್ಲ. ತಿಂಗಳಿಗೊಮ್ಮೆ ಅವನ ಮನೆಗೆ ಹೋಗುತ್ತೇನೆ. ಇವತ್ತು ಅವನ ಹೆಂಡತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು ಎಂದುಕೊಂಡೇ ಪ್ರತಿ ಸಲವೂ ಹೊಸಿಲು ದಾಟುತ್ತೇನೆ. ಆಕೆ ನನ್ನ ಕೈಗೆ ಕಾಫಿ ಕೊಟ್ಟು ಗಂಡನನ್ನು ಬೈಯಲು ಶುರು ಮಾಡುತ್ತಾಳೆ. "ನೀವು ಅಷ್ಟ್ ಹೇಳಿದ್ರೂ ಕೇಳ್ಲಿಲ್ವಲ್ಲ ಅಣ್ಣಾ ಇವ್ರು! ನಿಮ್ಮ ಒಂದ್ ಮಾತು ಕೇಳಿದ್ರೆ ಕಾಲು ಇರ್ತಿತ್ತು."

ಅವನು ತಲೆ ತಗ್ಗಿಸಿ ಬೈಸಿಕೊಳ್ಳುತ್ತಾನೆ. ನಾನು ಕಾಫಿ ಕುಡಿಯುತ್ತೇನೆ.