ಎಲೆಯ ಅಡಿಗಿಟ್ಟ ಅಡಕತ್ತರಿ

ಮೇನೇಜರರ ಅಮ್ಮನಿಗೆ ಸಾಯುವ ಮಗನ ಮುಖ ನೋಡಲು ಸಿಗದೆ ಹೋದದ್ದು ನನ್ನಿಂದ. ಪೊಲೀಸಿನವನಿಂದಲ್ಲ, ಹಣೆಬರಹದಿಂದಲೂ ಅಲ್ಲ.

ಇದು ನೆನಪಾದದ್ದು ಮೊನ್ನೆ, ಕೊಚ್ಚಿಯ ವೈಟ್ಟಿಲದ ಈ ಮನೆಯಲ್ಲಿ. ಮೊಮ್ಮಗಳು ವಿಮಾನಕ್ಕೆ ಕೈಚೀಲ ತುಂಬುತ್ತ, ಬ್ಲೇಡು ಆಗದು, ಕತ್ತರಿ ಆಗದು ಎಂದು ಫೋನು ನೋಡಿ ಓದಿದಳು. ನನ್ನ ಮೂಗಿಗೆ ಸುಣ್ಣದ, ಬಾಡಿದ ವೀಳ್ಯದೆಲೆಯ ವಾಸನೆ ಬಂದ ಹಾಗಾಯಿತು...

ಎಪ್ಪತ್ತರ ದಶಕ. ನನ್ನ ಗಂಡ ಕೊಚ್ಚಿಯ ಒಂದು ಬ್ಯಾಂಕಿನಲ್ಲಿ ಜವಾನ. ನಾವು ಮಂಗಳೂರು ಕಡೆಯವರು, ಮೇನೇಜರರು ಮೈಸೂರಿನವರು. ಅವರ ಅಮ್ಮನಿಗೆ ಮಲಯಾಳ ಬಾರದು. ಹಾಗಾಗಿ ದಿನಾ ಬೆಳಿಗ್ಗೆ ನಾನು ಹೋಗಿ ಹಿಂದಿನ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸಬೇಕು, ಅವರ ಮಾತಿಗೆ ಕಿವಿಯಾಗಬೇಕು. ಅಡಕತ್ತರಿ ಅವರ ಸತ್ತ ಗಂಡನದು. ನನ್ನ ಕೆಲಸ ಮುಗಿದ ಕೂಡಲೇ ಕೈಯಿಂದ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಆ ವರ್ಷ ನನ್ನ ಮಗು ಹೋಯಿತು, ಇಪ್ಪತ್ತು ದಿನದ್ದು. ತಿಂಗಳೊಳಗೆ ಮೇನೇಜರರ ಮನೆಯಲ್ಲಿ ನಾಮಕರಣ. ತೊಟ್ಟಿಲ ಹತ್ತಿರ ಹೋದೆ. ಅಷ್ಟು ಹೆಂಗಸರ ಮುಂದೆ ಮೇನೇಜರರ ಅಮ್ಮ ಎಂದರು: “ಮಗು ಉಳಿಸಿಕೊಳ್ಳೋಕಾಗದೋಳು ತೊಟ್ಟಿಲು ಮುಟ್ಟಬೇಡ ಕಣೇ. ಹೋಗು, ಅಡಿಕೆ ಕತ್ತರಿಸು.”

ಹೋಗಿ ಕತ್ತರಿಸಿದೆ.

ಕೆಲವು ತಿಂಗಳಾದ ಮೇಲೆ ಬೊಂಬಾಯಿಯಿಂದ ತಂತಿ. ಅಲ್ಲಿದ್ದ ಕಿರಿಮಗ ಉಳಿಯುವ ಹಾಗಿಲ್ಲ, ಕೂಡಲೇ ಬನ್ನಿ. ಮೇನೇಜರರು ಅಮ್ಮನಿಗೆ ವಿಮಾನದ ಟಿಕೆಟ್ ತಂದರು. ಸಾಮಾನು ಕಟ್ಟಿದ್ದು ನಾನು. ವಿಮಾನ ಅಪಹರಿಸುವ ಗಲಾಟೆಯ ಕಾಲ. ಕೈಚೀಲ ಬಿಚ್ಚಿ ನೋಡುತ್ತಾರೆ, ಅಡಕತ್ತರಿಯನ್ನು ದೊಡ್ಡ ಪೆಟ್ಟಿಗೆಯಲ್ಲೇ ಹಾಕು ಎಂದು ಮೇನೇಜರರು ನನಗೆ ಎರಡು ಸಲ ಹೇಳಿದರು. ನಾನು ಎಲೆಯಡಿಕೆ ಚೀಲದಲ್ಲಿ, ಎಲೆಯ ಅಡಿಗೆ ಇಟ್ಟೆ. ವಿಮಾನ ತಪ್ಪಲಿ ಎಂದು ಬಯಸಿರಲಿಲ್ಲ. ಒಮ್ಮೆಯಾದರೂ ನಾಲ್ಕು ಜನರ ಮುಂದೆ ಆ ಮುದುಕಿಯ ಕೈಯಿಂದ ಯಾರಾದರೂ ಏನನ್ನಾದರೂ ಕಿತ್ತುಕೊಳ್ಳಲಿ ಎಂದು ಬಯಸಿದ್ದೆ.

ಆದದ್ದನ್ನು ಮೇನೇಜರರು ಬಂದು ಹೇಳಿದರು. ಪೊಲೀಸಿನವನು “ವಿಡು ಅಮ್ಮೂಮ್ಮೇ”, ಬಿಡು ಅಜ್ಜೀ, ಎನ್ನುತ್ತ ಅಡಕತ್ತರಿ ಹಿಡಿದೆಳೆದ. ಮುದುಕಿ ಬಿಡಲಿಲ್ಲ. ಅವನ ಬೆರಳು ಕೊಯ್ದು ರಕ್ತ ಬಂತು. ಹೊರಗೆ ಕೂರಿಸಿದರು. ಕೈಕಾಲು ಹಿಡಿದು ಬಿಡಿಸಿಕೊಳ್ಳುವಷ್ಟರಲ್ಲಿ ವಿಮಾನ ಹೋಗಿತ್ತು. ಅಡಕತ್ತರಿ ಮಾತ್ರ ಹಿಂದಕ್ಕೆ ಸಿಕ್ಕಿತು.

ಸಂಜೆ ಇನ್ನೊಂದು ತಂತಿ ಬಂತು. ಮಗ ಹೋಗಿದ್ದ. “ನಿನ್ನ ಹಠಕ್ಕೆ ಅವನ ಮುಖಾನೂ ಸಿಗಲಿಲ್ಲ” ಎಂದು ಮೇನೇಜರರು ಅಮ್ಮನನ್ನೇ ಬೈದರು. ಪೆಟ್ಟಿಗೆಯಿಂದ ಅಮ್ಮನೇ ತೆಗೆದು ಚೀಲಕ್ಕೆ ಹಾಕಿಕೊಂಡರೆಂದು ತಿಳಿದಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ. ಇಟ್ಟದ್ದು ನಾನೆಂದು ಹೇಳಲಿಲ್ಲ.

ಆಮೇಲೆ ಮೇನೇಜರರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಮ್ಮ ಅಲ್ಲೇ ತೀರಿಕೊಂಡರು. ನಾನು ಹೋಗಲಿಲ್ಲ. ಈಗ ಹೇಳೋಣವೆಂದರೆ ಕೇಳುವವರಿಲ್ಲ... ಮೊಮ್ಮಗಳ ಕೈಚೀಲದಿಂದ ಕತ್ತರಿಯನ್ನು ನಾನೇ ತೆಗೆದಿಟ್ಟೆ.

ಎರಡನೆಯ ತಂತಿ ಬಂದ ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಹೋದೆ. ಮುದುಕಿ ಒಬ್ಬರೇ ಜಗಲಿಯಲ್ಲಿದ್ದರು. ಅಡಕತ್ತರಿಯನ್ನು ನನ್ನ ಮಡಿಲಿಗೆ ಹಾಕಿದರು.

“ನಂಗೆ ಬೇಕಾಗುತ್ತೆ ಅಂತ ನೀನೊಬ್ಬಳಾದ್ರೂ ಕೈಗೆ ಸಿಗೋ ಹಾಗೆ ಇಟ್ಟಿದ್ದೆ ಕಣೇ. ಇನ್ಮೇಲೆ ನಿನ್ನ ಹತ್ರಾನೇ ಇರಲಿ.”

ಅಲಗಿನ ಮೇಲೆ ಪೊಲೀಸಿನವನ ರಕ್ತ ಒಣಗಿತ್ತು. ಸೂತಕ, ಅವರು ಎಲೆ ಹಾಕುವಂತಿರಲಿಲ್ಲ. ನಾನು ಅದನ್ನು ಸೆರಗಿನಲ್ಲಿ ಒರೆಸಿ, ಒಂದು ಹಿಡಿ ಅಡಿಕೆ ಕತ್ತರಿಸಿದೆ.